ಉಪ್ಪೆಸ್ರು ಬಲ್ಲವರಿಗೆ ಜಪಾನಿನ ಅಡುಗೆ

ಬಂಡಳ್ಳಿ, ಹನೂರು, ಕೊಳ್ಳೇಗಾಲದ ಕಡೆ ರೇಷ್ಮೆ ಸಾಕಿದವರ ಹತ್ತಿರ ಜಪಾನಿನ ಮಾತು ತೆಗೆದರೆ ಅವರಿಗೆ ಮೊದಲು ನೆನಪಾಗುವುದು ಊಟವಲ್ಲ, ಬಿಳಿ ಗೂಡು. 1991ರಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಜಪಾನ್ ಸರಕಾರದ ಜೈಕಾ ಸಂಸ್ಥೆಯ ನೆರವಿನ ಯೋಜನೆ ಶುರುವಾಯಿತು. ಅಲ್ಲಿಂದ ಬಂದ ತಜ್ಞರು ಇಲ್ಲಿನ ವಿಜ್ಞಾನಿಗಳ ಜತೆ ಕೂತು ದ್ವಿತಳಿ ಹುಳುವನ್ನು ನಮ್ಮ ಬಿಸಿಲಿಗೆ ಒಗ್ಗಿಸಿದರು. ಸಿಎಸ್‌ಆರ್ ತಳಿಗಳು ಬಂದದ್ದು ಆ ಕೆಲಸದಿಂದ. ಸೊಪ್ಪು ಬಿಡಿಸಿ ಹಾಕುವ ಬದಲು ರೆಂಬೆ ಸಮೇತ ಹಾಕುವುದು, ಚಾಕಿ ಎಂಬ ಎಳೆಯ ಹುಳುವನ್ನು ಬೇರೆಯಾಗಿ ಸಾಕುವುದು ರೈತರ ಮನೆವರೆಗೂ ಬಂದದ್ದು ಆ ಕಾಲದಲ್ಲೇ. ಹಂತ ಹಂತವಾಗಿ 2007ರವರೆಗೂ ಅದು ನಡೆಯಿತು. ಇನ್ನೂ ಹಿಂದಕ್ಕೆ ಹೋದರೆ, ಜಮ್ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಬಳಿ ರೇಷ್ಮೆ ತೋಟ ಮಾಡಿಸಿದಾಗ ಕೆಲಸ ಕಲಿಸಲು ಕರೆಸಿದ್ದು ಜಪಾನಿನ ದಂಪತಿಯನ್ನು. ಆ ಜಾಗಕ್ಕೆ ಈಗಲೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ಕೊಳ್ಳೇಗಾಲ ಆಗ ಮೈಸೂರು ಸಂಸ್ಥಾನದಲ್ಲಿರಲಿಲ್ಲ, 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದರೂ ಹಿಪ್ಪುನೇರಳೆಯ ಕಸುಬಿನಲ್ಲಿ ಈ ಸೀಮೆಗೆ ಎರಡೂ ಕಡೆ ಹೆಸರಿತ್ತು.

ಇಷ್ಟು ಹಳೆಯ ಪರಿಚಯವಿದ್ದೂ ಅವರ ಹುಳು ನಮ್ಮ ಮನೆಗೆ ಬಂತೇ ಹೊರತು ಅವರ ಸಾರು ಬರಲಿಲ್ಲ. ಜಪಾನಿನ ಅಡುಗೆಯಿಂದ ಇಲ್ಲಿಗೆ ಬಂದದ್ದು ಒಂದೇ ಒಂದು, ಅದೂ ಗೋಬಿ ಮಂಚೂರಿ ಗಾಡಿಯ ಮೂಲಕ: ಅಜಿನೊಮೊಟೊ. ಕೊಳ್ಳೇಗಾಲದ ಬಸ್ ನಿಲ್ದಾಣದ ಸುತ್ತ ಆ ಹೆಸರು ಕೇಳದವರಿಲ್ಲ. ಬಾಯಲ್ಲಿ ಅದನ್ನು ಬೈಯುತ್ತಲೇ ಪ್ಲೇಟ್ ಖಾಲಿ ಮಾಡುವವರು ಬಹಳ. ಆ ಬಿಳಿ ಪುಡಿಯ ಕತೆಯಿಂದಲೇ ಶುರು ಮಾಡಬಹುದು, ಏಕೆಂದರೆ ಜಪಾನಿನ ಮನೆಯಡುಗೆಯ ಬೇರು ಇರುವುದು ಅಲ್ಲೇ.

1908ರಲ್ಲಿ ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರಿಗೆ ಮನೆಯ ಸಾರಿನ ರುಚಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹಿಡಿಯಿತು. ಸಿಹಿ, ಹುಳಿ, ಉಪ್ಪು, ಕಹಿ ಯಾವುದಕ್ಕೂ ಸೇರದ, ನಾಲಿಗೆ ಮೇಲೆ ನಿಂತುಕೊಳ್ಳುವ ಒಂದು ರುಚಿ ಅದು. ಕೊಂಬು ಎಂಬ ಒಣ ಕಡಲ ಸೊಪ್ಪನ್ನು ರಾಶಿ ರಾಶಿ ಕುದಿಸಿ, ಬತ್ತಿಸಿ, ಕೊನೆಗೆ ಗ್ಲುಟಾಮೇಟನ್ನು ಹರಳು ಮಾಡಿ ತೆಗೆದರು. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಉಮಾಮಿ ಎಂದು ಅವರು ಕರೆದ ಆ ರುಚಿ ಪುಡಿಯಲ್ಲಿ ಹುಟ್ಟಿದ್ದಲ್ಲ. ಬೆಂದ ಟೊಮೆಟೊದಲ್ಲಿ, ಒಣ ಅಣಬೆಯಲ್ಲಿ ಅದಿದೆ. ಹುದುಗಿದ ಸೋಯಾದಲ್ಲಿ ಧಾರಾಳವಾಗಿದೆ. ಜಪಾನಿನ ಗೃಹಿಣಿ ಅದನ್ನು ಪೊಟ್ಟಣದಿಂದ ಸುರಿಯುವ ಮೊದಲು ನೂರಾರು ವರ್ಷ ನೀರಿನಲ್ಲಿ ಇಳಿಸಿಕೊಂಡು ಬಳಸುತ್ತಿದ್ದಳು.

ಆ ನೀರಿನ ಹೆಸರು ದಾಶಿ. ಜಪಾನಿನ ಮನೆಯಡುಗೆ ಕಲಿಯಬೇಕು ಅಂದುಕೊಂಡವರು ಸುಶಿ ಸುತ್ತುವ ಚಾಪೆ ಕೊಳ್ಳುವುದನ್ನು ಬಿಟ್ಟು ಮೊದಲು ಈ ಒಂದು ಪಾತ್ರೆ ನೀರು ಮಾಡಲು ಕಲಿಯಬೇಕು. ಬೆಂಗಳೂರಿನ ಹೋಟೆಲುಗಳು ನಮಗೆ ತೋರಿಸಿದ ಜಪಾನ್ ಬೇರೆಯದೇ: ಹಸಿ ಮೀನು, ಕಪ್ಪು ತಟ್ಟೆ, ಕಣ್ಣಲ್ಲಿ ನೀರು ತರಿಸುವ ವಸಾಬಿ ಎಂಬ ಹಸಿರು ಮುದ್ದೆ, ಕೊನೆಗೆ ಎದೆ ನಡುಗಿಸುವ ಬಿಲ್. ಅಲ್ಲಿಯವರು ಅದನ್ನು ದಿನಾ ಮನೆಯಲ್ಲಿ ಮಾಡುವುದಿಲ್ಲ, ನಾವು ದಿನಾ ಮನೆಯಲ್ಲಿ ಮೈಸೂರು ಪಾಕ್ ಮಾಡದ ಹಾಗೆ. ಅವರ ಮನೆಯ ನಿತ್ಯದ ಊಟ ಅನ್ನ, ಒಂದು ಬಟ್ಟಲು ಸಾರು, ಉಪ್ಪಿನಲ್ಲಿ ಹಾಕಿದ ತರಕಾರಿ, ಸಾಧ್ಯವಾದರೆ ಒಂದು ಪಲ್ಯ. ದೋಯಿ ಯೋಶಿಹಾರು ಎಂಬ ಅಲ್ಲಿನ ಹೆಸರಾಂತ ಅಡುಗೆ ಗುರು 2016ರಲ್ಲಿ ಒಂದು ಪುಸ್ತಕ ಬರೆದು, ಒಂದು ಸಾರು ಒಂದು ಪಲ್ಯ ಇದ್ದರೆ ಸಾಕು, ಸಾರಿಗೆ ತರಕಾರಿ ತುಂಬ ಹಾಕಿದರೆ ಪಲ್ಯವೂ ಬೇಡ ಎಂದರು. ಕೆಲಸಕ್ಕೆ ಹೋಗಿ ಬಂದು ದಣಿದ ಹೆಂಗಸರು ಅದನ್ನು ಓದಿ ಉಸಿರು ಬಿಟ್ಟಿರಬೇಕು. ಪುಸ್ತಕ ಚೆನ್ನಾಗಿಯೇ ಮಾರಿತು.

ಒಂದು ಸಾರು ಸಾಕು ಎಂಬುದನ್ನು ಬಂಡಳ್ಳಿಯವರಿಗೆ ಜಪಾನಿನವರು ಬಂದು ಹೇಳಬೇಕಿಲ್ಲ. ಇಲ್ಲಿ ಉಪ್ಪೆಸ್ರು ಉಂಟು.

ಈ ಸೀಮೆಯ ಆಚೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಹಲಸಂದೆಯೋ ಅವರೆಯೋ ಹುರುಳಿಯೋ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಬೆರಕೆ ಸೊಪ್ಪು ಹಾಕಿ, ಉಪ್ಪು ಬೆರೆಸಿ, ಬೆಂದ ಮೇಲೆ ಬಸಿಯುತ್ತಾರೆ. ಬಸಿದ ತಿಳಿಯೇ ಉಪ್ಪೆಸ್ರು. ಅದಕ್ಕೆ ಎಣ್ಣೆ ಇಲ್ಲ, ಸಾಸಿವೆ ಇಲ್ಲ, ತೆಂಗಿನಕಾಯಿ ರುಬ್ಬುವುದಿಲ್ಲ. ಒಗ್ಗರಣೆಯೆಲ್ಲ ಬಸಿದು ಉಳಿದ ಕಾಳು ಸೊಪ್ಪಿಗೆ ಮಾತ್ರ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ಸೇರಿಸಿ ಅರೆದ ಗಟ್ಟಿ ಕಾರ ಬೇರೆ ಬಟ್ಟಲಲ್ಲಿ ಬರುತ್ತದೆ. ಮುದ್ದೆ ಮುರಿದು, ಕಾರ ತಾಕಿಸಿ, ಎಸರಿನಲ್ಲಿ ಅದ್ದಿ ನುಂಗುವುದು. ಕಾಳಿನ ರುಚಿ, ಸೊಪ್ಪಿನ ರುಚಿ ಎರಡೂ ನೀರಿಗೆ ಇಳಿದಿರುತ್ತವೆ, ಮೇಲೆ ಏನೂ ಮುಚ್ಚಿರುವುದಿಲ್ಲ. ಕರ್ನಾಟಕದ ಬೇರೆ ಕಡೆ ಎಷ್ಟೋ ಮನೆಗಳಲ್ಲಿ ಒಗ್ಗರಣೆ ಚಟಪಟ ಅನ್ನದೆ ಸಾರು ಇಳಿಯುವುದಿಲ್ಲ. ಹಾಗೆ ಬೆಳೆದವರಿಗೆ ಜಪಾನಿನ ಸಾರು ಬರೀ ಬಿಸಿನೀರು ಅನ್ನಿಸುತ್ತದೆ. ಉಪ್ಪೆಸ್ರು ಕುಡಿದು ಬೆಳೆದವರಿಗೆ ಹಾಗನ್ನಿಸಬೇಕಿಲ್ಲ. ನಮ್ಮ ಚಿಕ್ಕಮ್ಮನಿಗೆ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರನ್ನು ಒಂದು ಬಟ್ಟಲು ಕೊಟ್ಟಾಗ ಅವರು ಎರಡು ಗುಟುಕು ಕುಡಿದು, "ಉಪ್ಪೆಸ್ರು ಇದ್ದಂಗದ ಕನಪ್ಪ, ಕಾರ ಎಲ್ಲಿ?" ಅಂದರು. ಈ ಅಡುಗೆಯ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಓದಿಲ್ಲ.

ದಾಶಿಗೆ ಬೇಕಾದ್ದು ಕೊಂಬು. ಉತ್ತರದ ಹೊಕ್ಕೈಡೊ ದ್ವೀಪದ ತಣ್ಣೀರ ಕಡಲಲ್ಲಿ ಬೆಳೆಯುವ ಅಗಲ ಸೊಪ್ಪು ಅದು. ಕೊಯ್ದು ಒಣಗಿಸಿದ ಮೇಲೆ ಚಕ್ಕಳದ ಹಾಗೆ ಗಡುಸಾಗುತ್ತದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅಗ್ಗವಲ್ಲ, ಆದರೆ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಸಾಕು, ವರ್ಷವಾದರೂ ಕೆಡುವುದಿಲ್ಲ. ಮೈಮೇಲಿನ ಬಿಳಿ ಪುಡಿಯನ್ನು ಬೂಷ್ಟು ಎಂದುಕೊಂಡು ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿಡಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಕೊಂಬು ತೆಗೆದುಬಿಡಿ. ಕುದಿ ಬಂದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಚೆನ್ನಾಗಿ ಕುದ್ದರೆ ಸಾರು ರುಚಿ ಎಂಬ ನಮ್ಮ ಕೈಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮೀನು ತಿನ್ನುವ ಮನೆಗಳಲ್ಲಿ ಇದಕ್ಕೆ ಕತ್ಸುಒಬುಶಿ ಎಂಬ ಹೊಗೆ ಹಾಕಿ ಒಣಗಿಸಿದ ಮೀನಿನ ಹೆರೆಯನ್ನು ಸೇರಿಸುತ್ತಾರೆ. ನಮ್ಮ ಸೀಮೆಯಲ್ಲಿ ಮೀನು ಮುಟ್ಟದ ಮನೆಗಳು ಬಹಳ, ಅವರು ಹಿಂಜರಿಯಬೇಕಿಲ್ಲ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಝೆನ್ ಗುರು ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿ ಒಂದು ಕೈಪಿಡಿ ಬರೆದಿದ್ದಾನೆ. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೂ ಧ್ಯಾನದಷ್ಟೇ ಗಂಭೀರವಾಗಿ ತೆಗೆದುಕೊಂಡ ಬರಹ ಅದು. ಆ ಮಠಗಳ ದಾಶಿ ಕೊಂಬು ಮತ್ತು ಒಣಗಿಸಿದ ಶಿಟಾಕೆ ಅಣಬೆಯದು. ಅಣಬೆಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಆಮೇಲೆ ಬಿಸಿ ಮಾಡಬೇಕು; ಆ ಬಿಸಿಯಲ್ಲಿ ಅಣಬೆಯೊಳಗೆ ಗ್ವಾನಿಲೇಟ್ ಎಂಬ ಇನ್ನೊಂದು ರುಚಿದ್ರವ್ಯ ಹುಟ್ಟುತ್ತದೆ. ಅದು ಕೊಂಬಿನ ಗ್ಲುಟಾಮೇಟಿನ ಜತೆ ಸೇರಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಶಿಟಾಕೆ ಸಿಗದಿದ್ದರೆ ಪೇಟೆಯ ಬಟನ್ ಅಣಬೆಯನ್ನು ತೆಳುವಾಗಿ ಸೀಳಿ ಬೇಸಿಗೆ ಬಿಸಿಲಲ್ಲಿ ಗರಿಗರಿ ಒಣಗಿಸಿಟ್ಟುಕೊಳ್ಳಬಹುದು. ಅದೇ ರುಚಿ ಬರದಿದ್ದರೂ ಒಳ್ಳೆಯ ಸಾರೇ ಬರುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುವಲ್ಲಿ ಏಳುವ ಅಣಬೆ ಮಾತ್ರ ಗುರುತು ಬಲ್ಲವರ ಕೈಲೇ ಇರಲಿ.

ಇನ್ನು ಮಿಸೊ. ಬೆಂದ ಸೋಯಾ ಕಾಳು, ಉಪ್ಪು, ಕೋಜಿ ಎಂಬ ಬೂಷ್ಟು ಹಿಡಿಸಿದ ಅಕ್ಕಿ ಮೂರನ್ನೂ ಕಲಸಿ ತಿಂಗಳುಗಟ್ಟಲೆ ಹುದುಗಿಸಿದ ಮುದ್ದೆ. ನಮ್ಮ ಬೀದರ್, ಬೆಳಗಾವಿ ಕಡೆ ಸೋಯಾ ಬೇಕಾದಷ್ಟು ಬೆಳೆಯುತ್ತಾರೆ, ಅದೆಲ್ಲ ಎಣ್ಣೆಗೂ ಹಿಂಡಿಗೂ ಹೋಗುತ್ತದೆ. ಮನೆಯಲ್ಲೇ ಮಿಸೊ ಮಾಡುವ ಸಾಹಸಕ್ಕೆ ಮೊದಲ ವರ್ಷವೇ ಕೈ ಹಾಕಬೇಡಿ, ಡಬ್ಬಿ ಕೊಳ್ಳಿ. ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಸಾರು ಮಾಡುವುದು ಹತ್ತು ನಿಮಿಷದ ಕೆಲಸ. ದಾಶಿಗೆ ಮೂಲಂಗಿಯನ್ನೋ ಸೋರೆಯನ್ನೋ ಪಾಲಕ್ಕನ್ನೋ ಹೆಚ್ಚಿ ಹಾಕಿ ಬೇಯಿಸಿ, ತೋಫು ಎಂಬ ಸೋಯಾ ಪನೀರು ಇದ್ದರೆ ತುಂಡು ಮಾಡಿ ಬಿಡಿ. ಒಲೆ ಆರಿಸಿ. ಒಂದು ಬಟ್ಟಲಿಗೆ ಒಂದು ದೊಡ್ಡ ಚಮಚ ಲೆಕ್ಕದಲ್ಲಿ ಮಿಸೊ ತೆಗೆದು, ಸೌಟಿನಲ್ಲಿ ಸ್ವಲ್ಪ ಎಸರು ಹಿಡಿದು ಅದರೊಳಗೇ ಗಂಟಿಲ್ಲದ ಹಾಗೆ ಕದಡಿ, ಪಾತ್ರೆಗೆ ಬಿಡಿ. ಆಮೇಲೆ ಕುದಿಸಿದರೆ ಪರಿಮಳ ಹಾರಿಹೋಗಿ ಬರೀ ಉಪ್ಪು ಉಳಿಯುತ್ತದೆ. ಮಿಸೊದಲ್ಲೇ ಉಪ್ಪಿದೆ, ಬೇರೆ ಹಾಕುವ ಹಾಗಿಲ್ಲ. ಚಿಕ್ಕಮ್ಮನ ಹಾಗೆ ಕಾರ ಕೇಳುವವರಿಗೆ ಉಪ್ಪೆಸ್ರಿನ ಕಾರವನ್ನೇ ಪಕ್ಕಕ್ಕಿಡಿ. ಜಪಾನಿನವರು ಒಪ್ಪದೇ ಇರಬಹುದು, ಅವರು ಊಟಕ್ಕೆ ಬಂದಿಲ್ಲವಲ್ಲ.

ಸೋಯಾ ಸಾಸ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಗೋಬಿ ಗಾಡಿಯ ಕರಿ ಬಾಟಲಿ ಇಲ್ಲಿ ಕೆಲಸಕ್ಕೆ ಬಾರದು, ಅದರಲ್ಲಿ ಉಪ್ಪು ಮತ್ತು ಬಣ್ಣವೇ ಹೆಚ್ಚು. ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದು ಹುದುಗಿಸಿ ಮಾಡಿದ್ದು ಎಂದು ಚೀಟಿಯ ಮೇಲೆ ಬರೆದಿರುವ ಜಪಾನಿ ಬಗೆಯ ಬಾಟಲಿ ಕೊಳ್ಳಿ. ಕೊಂಬು, ಮಿಸೊ, ಸೋಯಾ ಸಾಸ್: ಹೊರಗಿಂದ ತರಬೇಕಾದ್ದು ಈ ಮೂರೇ. ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯಗಳನ್ನು ಪುಸ್ತಕಗಳು ಕೇಳುತ್ತವೆ. ಅವುಗಳ ಬದಲು ಚಿಟಿಕೆ ಸಕ್ಕರೆ ಹಾಕಿ ಮುಂದೆ ಹೋದರೆ ಮನೆಯಡುಗೆಗೆ ಏನೂ ಕುಂದಿಲ್ಲ.

ಆ ಬಾಟಲಿ ಬಂದ ಮೇಲೆ ಪಲ್ಯಗಳೆಲ್ಲ ನಮ್ಮ ಸಂತೆಯ ತರಕಾರಿಯಲ್ಲೇ ಆಗುತ್ತವೆ. ಬದನೆಕಾಯಿಯನ್ನು ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸಿಪ್ಪೆ ಕರಿಯಾಗುವಷ್ಟು ಸುಟ್ಟು, ಸುಲಿದು, ಉದ್ದುದ್ದ ಸೀಳಿ, ಮೇಲೆ ತುರಿದ ಹಸಿಶುಂಠಿ ಇಟ್ಟು ನಾಲ್ಕು ಹನಿ ಸೋಯಾ ಬಿಟ್ಟರೆ ಆಯಿತು. ನಮ್ಮ ಕೈ ಅಲ್ಲಿಗೆ ನಿಲ್ಲುವುದಿಲ್ಲ. ಈರುಳ್ಳಿ, ಹಸಿಮೆಣಸು, ಮೊಸರು ಎಂದು ಹುಡುಕುತ್ತದೆ. ತಡೆಯಿರಿ. ಹುರುಳಿಕಾಯಿಯನ್ನು ಉಪ್ಪು ನೀರಲ್ಲಿ ಬೇಯಿಸಿ, ಕಚಕಚ ಅನ್ನುವಾಗಲೇ ತಣ್ಣೀರಿಗೆ ಹಾಕಿ ತೆಗೆದು, ಹುರಿದು ಕುಟ್ಟಿದ ಎರಡು ಚಮಚ ಎಳ್ಳಿಗೆ ಒಂದೊಂದು ಚಿಕ್ಕ ಚಮಚ ಸಕ್ಕರೆ, ಸೋಯಾ ಬೆರೆಸಿ ಕಲಸಿ. ಪಾಲಕ್ಕಿಗೂ ಇದೇ ಕ್ರಮ, ಬೆಂದ ಸೊಪ್ಪನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು ಅಷ್ಟೇ. ಎಳ್ಳನ್ನು ನುಣ್ಣಗೆ ಪುಡಿ ಮಾಡಬೇಡಿ, ಅರೆಬರೆ ಒಡೆದಿರಲಿ. ಮಿಕ್ಸಿಗಿಂತ ಒರಳು ವಾಸಿ.

ಸಿಹಿಕುಂಬಳಕ್ಕೆ ಸ್ವಲ್ಪ ಕಸುಬು ಬೇಕು. ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ, ಸಿಪ್ಪೆ ಕೆಳಗೆ ಬರುವಂತೆ ಅಗಲ ಪಾತ್ರೆಯಲ್ಲಿ ಒಂದೇ ಪದರ ಜೋಡಿಸಿ, ಹೋಳಿನ ಅರ್ಧದವರೆಗೆ ದಾಶಿ ಬಿಡಿ. ಜಪಾನಿನ ಕುಂಬಳ ನಮ್ಮದಕ್ಕಿಂತ ಒಣ ಜಾತಿ, ನಮ್ಮದು ತಾನೇ ನೀರು ಬಿಡುತ್ತದೆ, ಆದ್ದರಿಂದ ಕೈ ಹಿಡಿದು ಸುರಿಯಿರಿ. ಮೊದಲು ಸಕ್ಕರೆ ಹಾಕಿ ಐದು ನಿಮಿಷ ಬೇಯಿಸಿ ಆಮೇಲೆ ಸೋಯಾ. ಈ ಸರದಿ ಅಲ್ಲಿನ ಮಕ್ಕಳಿಗೂ ಬಾಯಿಪಾಠ: ಸಕ್ಕರೆ, ಉಪ್ಪು, ಹುಳಿ, ಸೋಯಾ, ಕೊನೆಗೆ ಮಿಸೊ. ಸಕ್ಕರೆ ತರಕಾರಿಯೊಳಕ್ಕೆ ನಿಧಾನ ಇಳಿಯುತ್ತದೆ, ಉಪ್ಪು ಮೊದಲು ಹೊಕ್ಕರೆ ಅದಕ್ಕೆ ದಾರಿ ಬಿಡುವುದಿಲ್ಲ; ಸೋಯಾ ಮಿಸೊಗಳ ಘಮ ಹೆಚ್ಚು ಹೊತ್ತು ಉರಿ ತಡೆಯದು. ಪಾತ್ರೆಗಿಂತ ಚಿಕ್ಕದಾದ ತಟ್ಟೆಯನ್ನು ಹೋಳುಗಳ ಮೇಲೆಯೇ ಕವುಚಿ ಬೇಯಿಸಿದರೆ ಕಡಿಮೆ ನೀರಲ್ಲೂ ಎಸರು ಉಕ್ಕಿ ಉಕ್ಕಿ ಎಲ್ಲ ಕಡೆ ತಾಕುತ್ತದೆ. ಸೌಟು ಆಡಿಸುವ ಹಾಗಿಲ್ಲ. ಒಲೆಯಿಂದ ಇಳಿಸಿ ಆರಲು ಬಿಟ್ಟಾಗಲೇ ರುಚಿ ಒಳಕ್ಕೆ ಇಳಿಯುವುದು.

ಅಕ್ಕಿಯದು ದೊಡ್ಡ ಚರ್ಚೆ. ಜಪಾನಿನ ಅಕ್ಕಿ ಗಿಡ್ಡ, ಬೆಂದರೆ ಒಂದಕ್ಕೊಂದು ಅಂಟುತ್ತದೆ. ಅಮೈಲೋಸ್ ಎಂಬ ಪಿಷ್ಟ ಅದರಲ್ಲಿ ಕಡಿಮೆ ಇರುವುದೇ ಕಾರಣ. ನಾವು ಅಂಟದ ಅಕ್ಕಿಗೆ ಹೆಚ್ಚು ದುಡ್ಡು ಕೊಡುತ್ತೇವೆ, ಅವರು ಅಂಟುವುದಕ್ಕೆ ಕೊಡುತ್ತಾರೆ. ಯಳಂದೂರು, ಕೊಳ್ಳೇಗಾಲದ ಗದ್ದೆಗಳ ಹೊಸ ಅಕ್ಕಿಯನ್ನು ಮನೆಯವರು "ಮುದ್ದೆ ಆಯ್ತದೆ" ಎಂದು ದೂರವಿಡುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ನಾಲ್ಕೈದು ನೀರಲ್ಲಿ ತೊಳೆದು, ಅರ್ಧ ಗಂಟೆ ನೆನೆಸಿ, ಬಸಿಯದೆ ಇಂಗಿಸಿ ಮಾಡಿ. ಉರಿ ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ.

ಆ ಅನ್ನ ಸುಡುಸುಡು ಇರುವಾಗಲೇ ಕೈ ಒದ್ದೆ ಮಾಡಿ, ಅಂಗೈಗೆ ಉಪ್ಪು ಸವರಿ, ಒಂದು ಹಿಡಿ ಅನ್ನ ತೆಗೆದು ನಡುವೆ ಗುಳಿ ಮಾಡಿ ಹುಳಿ ಪದಾರ್ಥ ಇಟ್ಟು ಮೂರು ಮೂಲೆಯಾಗಿ ಒತ್ತಿದರೆ ಒನಿಗಿರಿ. ಹಿಂಡಬಾರದು, ಮೂರು ನಾಲ್ಕು ಸಲ ತಿರುಗಿಸಿ ಒತ್ತಿ ಬಿಡಬೇಕು. ಹೊರಗೆ ನಿಂತಿರಬೇಕು, ಬಾಯಲ್ಲಿ ಬಿಡಬೇಕು. ಅವರು ಒಳಗಿಡುವುದು ಉಮೆಬೊಶಿ ಎಂಬ ಉಪ್ಪಿನಲ್ಲಿ ಒಣಗಿಸಿದ ಹುಳಿ ಹಣ್ಣು. ಎಣ್ಣೆ ಮಸಾಲೆ ಇಲ್ಲದೆ ಬರೀ ಉಪ್ಪಿನಲ್ಲಿ ಹಾಕಿದ ನಿಂಬೆ ಅಥವಾ ನೆಲ್ಲಿ ಅದರ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಕಡಲ ಸೊಪ್ಪಿನ ಕಪ್ಪು ಹಾಳೆ ಕಟ್ಟಲೇಬೇಕೆಂದಿಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಬುತ್ತಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ, ತಟ್ಟೆ ಬೇಡ, ಕೈ ತೊಳೆಯುವ ಗೋಜಿಲ್ಲ. ನಮ್ಮ ಬಿಸಿಲು ನೆನಪಿರಲಿ: ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನದೊಳಗೆ ಖಾಲಿಯಾಗಬೇಕು.

ಹನೂರಿನಿಂದ ಲೊಕ್ಕನಹಳ್ಳಿ ದಾಟಿ ಹೋದರೆ ಒಡೆಯರಪಾಳ್ಯ. ಅಲ್ಲಿ 1974ರಲ್ಲಿ ನೆಲೆಯೂರಿದ ಟಿಬೆಟನ್ನರ ಶಿಬಿರದಲ್ಲಿ ತುಕ್ಪಾ ಎಂಬ ಹಿಟ್ಟಿನ ಎಳೆಗಳ ಸಾರು ಮನೆಮನೆಯ ಊಟ. ಹಾಗಾಗಿ ಸಾರಿನೊಳಗೆ ಶಾವಿಗೆ ತೇಲುವುದು ಈ ತಾಲ್ಲೂಕಿಗೆ ಹೊಸದೇನಲ್ಲ. ಜಪಾನಿನ ಉದೊನ್ ಅದಕ್ಕಿಂತ ದಪ್ಪ, ನುಣುಪು, ಎಳೆದರೆ ರಬ್ಬರಿನ ಹಾಗೆ ಬಿಗಿ. ಮನೆಯಲ್ಲಿ ಮಾಡುವುದಕ್ಕೆ ಇಡೀ ಜಪಾನಿ ಅಡುಗೆಯಲ್ಲಿ ಇಷ್ಟು ಖುಷಿ ಕೊಡುವುದು ಮತ್ತೊಂದಿಲ್ಲ, ಏಕೆಂದರೆ ಇದನ್ನು ಕಾಲಲ್ಲಿ ತುಳಿದು ನಾದುತ್ತಾರೆ.

ಮುನ್ನೂರು ಗ್ರಾಂ ಮೈದಾ, ಹದಿನೈದು ಗ್ರಾಂ ಉಪ್ಪು, ನೂರ ನಲವತ್ತು ಮಿಲಿ ನೀರು. ಉಪ್ಪನ್ನು ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪ ಚಿಮುಕಿಸುತ್ತ ಹಿಟ್ಟು ಉದುರುದುರಾಗಿ ಬೆರೆಸಿ, ಆಮೇಲೆ ಒತ್ತಿ ಮುದ್ದೆ ಮಾಡಿ. ಇದು ಚಪಾತಿ ಹಿಟ್ಟಿಗಿಂತ ಬಹಳ ಗಟ್ಟಿ, ಕೈಗೆ ಬಗ್ಗುವುದಿಲ್ಲ. ದಪ್ಪನೆಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೊಂದು ಟವೆಲ್ ಹೊದಿಸಿ, ಹಿಮ್ಮಡಿಯಿಂದ ನಡುವಿನಿಂದ ಅಂಚಿಗೆ ತುಳಿಯುತ್ತ ಬನ್ನಿ. ಅಗಲವಾದಾಗ ತೆಗೆದು ಮಡಿಸಿ ಮತ್ತೆ ತುಳಿಯಿರಿ. ಹೀಗೆ ನಾಲ್ಕೈದು ಸಲ ಆದಾಗ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗಿ ಹೊಳೆಯತೊಡಗುತ್ತದೆ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರಾಗಿ ಇಳಿಯುವುದಿಲ್ಲ. ಎರಡು ಗಂಟೆ ಹಾಗೇ ಬಿಟ್ಟು, ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಿಟ್ಟು ಉದುರಿಸಿ ಮಡಿಸಿ, ಚಾಕುವಿನಲ್ಲಿ ಅದೇ ದಪ್ಪಕ್ಕೆ ಎಳೆ ಕತ್ತರಿಸಿ. ದೊಡ್ಡ ಪಾತ್ರೆಯ ಕುದಿನೀರಲ್ಲಿ ಉಪ್ಪು ಹಾಕದೆ ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಹಿಟ್ಟಿನ ಉಪ್ಪು ಬಹುಪಾಲು ಆ ನೀರಿಗೇ ಹೋಗುತ್ತದೆ. ಬೆಂದ ಎಳೆಗಳನ್ನು ತಣ್ಣೀರಲ್ಲಿ ಬಟ್ಟೆ ಜಾಲಿಸುವ ಹಾಗೆ ತೊಳೆದು ಗಂಜಿ ಬಿಡಿಸಿ. ಈ ಹಂತ ಬಿಟ್ಟರೆ ಉದೊನ್ ಅಂಟಿನ ಉಂಡೆ. ನಾಲ್ಕು ಲೋಟ ದಾಶಿಗೆ ಕಾಲು ಲೋಟಕ್ಕಿಂತ ತುಸು ಹೆಚ್ಚು ಸೋಯಾ, ಒಂದೂವರೆ ಚಮಚ ಸಕ್ಕರೆ ಹಾಕಿ ಬಿಸಿ ಮಾಡಿ ಎಳೆಗಳ ಮೇಲೆ ಸುರಿದು, ಈರುಳ್ಳಿ ಸೊಪ್ಪು ಉದುರಿಸಿ. ಸೊರ್ ಎಂದು ಸದ್ದು ಮಾಡಿಯೇ ತಿನ್ನಬೇಕು, ಅಲ್ಲಿ ಅದು ಮರ್ಯಾದೆ.

ಇಷ್ಟೆಲ್ಲ ಸಪ್ಪೆ ಬೇಡ ಅನ್ನುವ ಮನೆಗಳಿಗೆ ಜಪಾನಿನ ಕರಿ ಇದೆ. ಬ್ರಿಟಿಷರ ಕೈಯಿಂದ 19ನೇ ಶತಮಾನದಲ್ಲಿ ಜಪಾನಿಗೆ ಹೋದ ಈ ಮಸಾಲೆ ಈಗ ಅಲ್ಲಿನ ಶಾಲಾ ಮಕ್ಕಳ ಮೆಚ್ಚಿನ ಊಟ, ಅಲ್ಲಿನ ನೌಕಾದಳದವರಿಗೆ ಶುಕ್ರವಾರದ ಊಟ. ನಡುವೆ ನಮ್ಮವರ ಒಂದು ಅಧ್ಯಾಯವೂ ಉಂಟು. 1912ರಲ್ಲಿ ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಎಸೆದ ಸಂಚಿನ ರಾಸ್ ಬಿಹಾರಿ ಬೋಸ್ 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಟೋಕಿಯೊದ ಶಿಂಜುಕುವಿನ ನಾಕಾಮುರಾಯಾ ಬೇಕರಿಯವರು ಅವರನ್ನು ಬಚ್ಚಿಟ್ಟು ಕಾಪಾಡಿದರು, ಮುಂದೆ ಮಗಳನ್ನೂ ಕೊಟ್ಟರು. ಬ್ರಿಟಿಷ್ ದಾರಿಯಲ್ಲಿ ಬಂದ ಕರಿ ಕರಿಯೇ ಅಲ್ಲವೆಂದು ಬೋಸರಿಗೆ ಅನ್ನಿಸಿರಬೇಕು. 1927ರಲ್ಲಿ ಆ ಬೇಕರಿ ಊಟದ ಮನೆ ತೆರೆದಾಗ ಅವರು ಹೇಳಿಕೊಟ್ಟ ಭಾರತದ ಕೋಳಿ ಕರಿಯನ್ನು ಅಲ್ಲಿ ಬಡಿಸತೊಡಗಿದರು. ಈಗಲೂ ಅಲ್ಲಿ ಅದು ಸಿಗುತ್ತದೆ.

ಮನೆಯಲ್ಲಿ ಮಾಡುವ ಸಾಧಾರಣ ಜಪಾನಿ ಕರಿ ಬೋಸರದಲ್ಲ, ಬ್ರಿಟಿಷರದೇ ಮೊಮ್ಮಗು. ಬಣ್ಣ ಕೊಡುವುದು ಅರಿಸಿನ. ಅದಕ್ಕೆ ಚಾಮರಾಜನಗರ ಜಿಲ್ಲೆಯಲ್ಲಿ ಬರವಿಲ್ಲ. ಮೂರು ಚಮಚ ಬೆಣ್ಣೆಯಲ್ಲಿ ನಾಲ್ಕು ಚಮಚ ಮೈದಾವನ್ನು ಸಣ್ಣ ಉರಿಯಲ್ಲಿ ಬಾದಾಮಿ ಬಣ್ಣ ದಾಟುವವರೆಗೂ ಹುರಿದು, ಅರಿಸಿನ, ಧನಿಯ, ಜೀರಿಗೆ, ಮೆಂತ್ಯ, ಮೆಣಸು ಸೇರಿದ ಪುಡಿ ಒಂದೂವರೆ ಚಮಚ ಬೆರೆಸಿ ಇಳಿಸಿ. ಬೇರೆ ಪಾತ್ರೆಯಲ್ಲಿ ಉದ್ದುದ್ದ ಹೆಚ್ಚಿದ ಈರುಳ್ಳಿಯನ್ನು ಕಂದು ಬರುವವರೆಗೂ ತಾಳ್ಮೆಯಿಂದ ಬಾಡಿಸಿ, ಆಲೂಗಡ್ಡೆ, ಕ್ಯಾರೆಟ್ಟಿನ ದೊಡ್ಡ ಹೋಳು ಹಾಕಿ ದಾಶಿ ಅಥವಾ ನೀರಲ್ಲಿ ಬೇಯಿಸಿ. ಹುರಿದ ಹಿಟ್ಟನ್ನು ಸ್ವಲ್ಪ ಎಸರಲ್ಲಿ ಕದಡಿ ಬಿಟ್ಟರೆ ಸಾರು ದಪ್ಪನಾಗಿ ಹೊಳೆಯುತ್ತದೆ. ಅರ್ಧ ಸೇಬು ತುರಿದು ಹಾಕಿ, ಒಂದು ಚಮಚ ಸೋಯಾ ಬಿಡಿ. ಅಂಗಡಿಯ ಕರಿ ಗಟ್ಟಿಗಳೂ ಸಿಗುತ್ತವೆ, ಕೆಲವದರಲ್ಲಿ ಪ್ರಾಣಿ ಕೊಬ್ಬು ಇರುವುದರಿಂದ ಸಸ್ಯಾಹಾರಿಗಳು ಪೊಟ್ಟಣ ತಿರುಗಿಸಿ ಓದಿಯೇ ಕೊಳ್ಳಬೇಕು. ಈ ಕರಿ ಮಾರನೆಯ ದಿನ ಇನ್ನೂ ರುಚಿ, ಉಳಿದದ್ದಕ್ಕೆ ದಾಶಿ ಬೆರೆಸಿ ಉದೊನ್ ಮೇಲೆ ಸುರಿಯುವುದೂ ಉಂಟು.

ಹುಳು ಸಾಕುವವರಿಗೆ ಇನ್ನೊಂದು ಸುದ್ದಿ. ಜಪಾನಿನ ಹಳೆಯ ರೇಷ್ಮೆ ಸೀಮೆ ನಾಗಾನೊದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ಸೋಯಾ, ಸಕ್ಕರೆಯಲ್ಲಿ ಬತ್ತಿಸಿ ಅನ್ನಕ್ಕೆ ನಂಜಿಕೊಳ್ಳುತ್ತಾರೆ. ನಮ್ಮಲ್ಲಿ ಅದು ಕೋಳಿಗೂ ಮೀನಿಗೂ ಹೋಗುವ ಮೇವು. ಮಾಡಿ ನೋಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ದಾಶಿ ಮಾಡಿ ಉಳಿದ ಕೊಂಬನ್ನು ಮಾತ್ರ ಎಸೆಯದೆ ಸಣ್ಣಗೆ ಸೀಳಿ ಅದೇ ರೀತಿ ಸೋಯಾ, ಸಕ್ಕರೆ, ಎಳ್ಳು ಹಾಕಿ ಬತ್ತಿಸಿಟ್ಟುಕೊಳ್ಳಿ, ಗಂಜಿಗೆ ಒಳ್ಳೆಯ ಜೊತೆ.

ಹಸಿ ಮೀನಿನ ಆಸೆ ಇರುವವರಿಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಕಾವೇರಿಯದಾಗಲಿ, ಗುಂಡಾಲ್ ಜಲಾಶಯದ್ದಾಗಲಿ, ಸಿಹಿನೀರಿನ ಮೀನನ್ನು ಹಸಿಯಾಗಿ ತಿನ್ನಲೇಬಾರದು. ಅದರಲ್ಲಿ ಪರಾವಲಂಬಿ ಹುಳುಗಳಿರುತ್ತವೆ, ನಿಂಬೆರಸಕ್ಕೂ ವಸಾಬಿಗೂ ಅವು ಸಾಯುವುದಿಲ್ಲ. ಜಪಾನಿನಲ್ಲೂ ಹಸಿಯಾಗಿ ತಿನ್ನುವುದು ಹೆಚ್ಚಾಗಿ ಕಡಲ ಮೀನನ್ನು, ಅದೂ ಅದಕ್ಕೆಂದೇ ಕಾಪಾಡಿ ತಂದದ್ದನ್ನು. ಅನ್ನದ ಮೇಲೆ ಹಸಿ ಮೊಟ್ಟೆ ಒಡೆದುಕೊಳ್ಳುವ ಅವರ ರೂಢಿಯೂ ನಮ್ಮ ಅಂಗಡಿ ಮೊಟ್ಟೆಗೆ ಬೇಡ. ಹೊಳೆ ಮೀನಿಗೆ ಅಲ್ಲಿಯವರೇ ಮಾಡುವ ದಾರಿ ಬೇರೆ ಇದೆ. ಮೀನು ತೊಳೆದು ಒರೆಸಿ, ಎರಡೂ ಕಡೆ ಉಪ್ಪು ಉದುರಿಸಿ ಅರ್ಧ ಗಂಟೆ ಬಿಡಿ. ಮೇಲೆ ಬೆವರಿದ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಬಾಲಕ್ಕೂ ರೆಕ್ಕೆಗೂ ಇನ್ನೊಂದು ಚಿಟಿಕೆ ಉಪ್ಪು ಹಚ್ಚಿ ಕೆಂಡದ ಮೇಲೆ ಸುಡಿ. ಪಕ್ಕದಲ್ಲಿ ತುರಿದು ನೀರು ಹಿಂಡಿದ ಮೂಲಂಗಿ, ಅದರ ಮೇಲೆ ಎರಡು ಹನಿ ಸೋಯಾ. ಮುಳ್ಳು ಬಿಡಿಸಲು ಅವರ ಊಟದ ಕಡ್ಡಿಗಿಂತ ಕೈಯೇ ಸಲೀಸು.